ಗೀಜಗನ ಗೂಡು, ಸುಗರಣಿಯ ತೀರ್ಮಾನ

ಮಳೆಗಾಲದಲ್ಲಿ ಕರ್ಜತ್ ಲೋಕಲ್ ಹಿಡಿದು ಬದಲಾಪುರ ದಾಟಿದರೆ ಕಿಟಕಿಯಾಚೆ ಊರಿನ ನೆನಪು ತರುವ ನೋಟ ಶುರುವಾಗುತ್ತದೆ. ಭತ್ತದ ಗದ್ದೆ, ಬದುವಿನಲ್ಲಿ ಒಂಟಿ ಈಚಲು ಮರ, ಗರಿಗಳ ತುದಿಯಲ್ಲಿ ತೂಗಾಡುವ ಸೋರೆಬುರುಡೆಯಂಥ ಗೂಡುಗಳು. ನಮ್ಮವರಾದರೆ ‘ಅಗೋ, ಗೀಜಗನ ಗೂಡು’ ಎನ್ನುತ್ತಾರೆ. ಎದುರು ಸೀಟಿನ ಮರಾಠಿ ಆಜಿ ‘ಸುಗರಣ’ ಎನ್ನುತ್ತಾಳೆ. ಹಕ್ಕಿ ಒಂದೇ, ಆದರೆ ಈ ಎರಡು ಹೆಸರುಗಳ ನಡುವೆ ಒಂದು ತಕರಾರಿದೆ. ಗೂಡು ಕಟ್ಟಿದ್ದು ಯಾರು, ಗಂಡೋ ಹೆಣ್ಣೋ?

ಕನ್ನಡ ಈ ಹಕ್ಕಿಯನ್ನು ಗಂಡು ಮಾಡಿಬಿಟ್ಟಿದೆ. ಕಾಗೆಯ ಗೂಡು, ಗುಬ್ಬಿಯ ಗೂಡು ಎನ್ನುವ ನಾವು ಗೀಜಗನನ್ನು ಮಾತ್ರ ರಾಮನ, ಸೋಮನ ಸಾಲಿಗೆ ಸೇರಿಸಿ ‘ಗೀಜಗನ’ ಎನ್ನುತ್ತೇವೆ. ಮರಾಠಿಯ ‘ಸುಗರಣ’ ಅಪ್ಪಟ ಸ್ತ್ರೀಲಿಂಗ. ಅಡುಗೆಯಲ್ಲಿ, ಮನೆಗೆಲಸದಲ್ಲಿ ಕೈ ಪಳಗಿದ ಗೃಹಿಣಿಗೆ ಹೇಳುವ ಮಾತು. ಖಾನದೇಶದ ಬಹಿಣಾಬಾಯಿ ಚೌಧರಿ (1880–1951) ಈ ಗೂಡಿನ ಮೇಲೊಂದು ಹಾಡು ಕಟ್ಟಿದ್ದಾರೆ. ಓದುಬರಹ ಕಲಿಯದ ಆ ರೈತ ಮಹಿಳೆಯ ಹಾಡು ಇಂದಿಗೂ ಮಹಾರಾಷ್ಟ್ರದ ಮನೆಮಾತು. ಅದರಲ್ಲಿ ಗೂಡಿನ ಜಾಣತನವೆಲ್ಲ ತಾಯಿಹಕ್ಕಿಗೇ ಸಲ್ಲುತ್ತದೆ.

ಈ ತಕರಾರು ಇತ್ಯರ್ಥವಾದದ್ದು ಮುಂಬಯಿಯ ಕಡಲಾಚೆ, ಅಲಿಬಾಗಿನ ಹತ್ತಿರದ ಕಿಹೀಮ್ ಎಂಬ ಹಳ್ಳಿಯಲ್ಲಿ, 1930ರಲ್ಲಿ. ಇತ್ಯರ್ಥ ಮಾಡಿದವರು ಆಗ ಕೆಲಸವಿಲ್ಲದೆ ಕೂತಿದ್ದ ಒಬ್ಬ ಮುಂಬಯಿಗ. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಆಗಿದ್ದ ಸಲೀಂ ಅಲಿ ಪಕ್ಷಿಶಾಸ್ತ್ರ ಕಲಿಯಲು ಬರ್ಲಿನ್‌ಗೆ ಹೋಗಿ, ಎರ್ವಿನ್ ಸ್ಟ್ರೇಸೆಮಾನ್ ಎಂಬ ದೊಡ್ಡ ವಿದ್ವಾಂಸರ ಕೈಕೆಳಗೆ ಪಳಗಿ ವಾಪಸಾದಾಗ ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಗಂಡಹೆಂಡತಿ ಮುಂಬಯಿಯ ಖರ್ಚು ಬಿಟ್ಟು ಕಿಹೀಮ್ ಸೇರಿದರು. ಕಣ್ಣೆದುರಿಗೇ ಗೀಜಗಗಳ ಕೇರಿಯಿತ್ತು, ಕೈಯಲ್ಲಿ ಬೇಕಾದಷ್ಟು ಸಮಯವಿತ್ತು. ಆ ಮಳೆಗಾಲದಲ್ಲಿ ಅವರು ಆ ಹಕ್ಕಿಗಳನ್ನೇ ನೋಡುತ್ತ ಕೂತರು. ಆಗ ಕಂಡದ್ದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಕೈಗೆ ಕೆಲಸವಿದ್ದಿದ್ದರೆ ಆ ಲೇಖನ ಹುಟ್ಟುತ್ತಿತ್ತೋ ಇಲ್ಲವೋ!

ಅವರು ಕಂಡದ್ದು ಇಷ್ಟು. ಗೂಡು ಕಟ್ಟುವುದು ಗಂಡು. ಮುಂಗಾರು ಬರುತ್ತಿದ್ದಂತೆ ಅವನ ನೆತ್ತಿ ಅರಿಸಿನ ಮೆತ್ತಿದಂತೆ ಹಳದಿಯಾಗುತ್ತದೆ, ಮುಖಕ್ಕೆ ಕಡುಗಂದು ಮುಸುಕು ಬರುತ್ತದೆ. ಭತ್ತದ ಎಲೆ, ಎತ್ತರದ ಹುಲ್ಲು ಅಥವಾ ಈಚಲ ಗರಿಯ ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕಿ, ತುದಿ ಹಿಡಿದು ಹಾರಿದರೆ ಉದ್ದನೆಯ ಎಳೆ ಸರ್ರೆಂದು ಸೀಳಿ ಬರುತ್ತದೆ. ಹೀಗೆ ಒಂದೊಂದೇ ಎಳೆ ತಂದು, ಗಂಟು ಹಾಕಿ, ಹೆಣೆದು ಮುಗಿಸಲು ಐನೂರರಷ್ಟು ಸಲ ಹಾರಿ ಬರಬೇಕಾದೀತು. ಪೂರ್ತಿ ಗೂಡಿಗೆ ಸುಮಾರು ಹದಿನೆಂಟು ದಿನ. ಆದರೆ ಅವನು ಮೊದಲ ಸುತ್ತಿನಲ್ಲಿ ಅದನ್ನು ಮುಗಿಸುವುದೇ ಇಲ್ಲ. ಸುಮಾರು ಎಂಟು ದಿನದ ಕೆಲಸವಾದಾಗ ಗೂಡು ಹೆಲ್ಮೆಟ್‌ನ ಆಕಾರಕ್ಕೆ ಬರುತ್ತದೆ, ಕೆಳಗಡೆ ಗಲ್ಲಪಟ್ಟಿಯಂತೆ ಒಂದು ಅಡ್ಡಪಟ್ಟಿ. ಅಲ್ಲಿಗೆ ಕೆಲಸ ನಿಲ್ಲುತ್ತದೆ. ಅವನು ಆ ಅರ್ಧ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತ ಹಾಡಲು ತೊಡಗುತ್ತಾನೆ. ಕೇರಿಯಲ್ಲಿ ಹತ್ತಾರು ಗಂಡುಗಳು ಒಟ್ಟಿಗೆ ಹಾಡುವುದರಿಂದ ಅದು ಸಂಗೀತಕ್ಕಿಂತ ಮೀನು ಮಾರುಕಟ್ಟೆಗೇ ಹೆಚ್ಚು ಹತ್ತಿರ.

ಆಗ ಹೆಣ್ಣುಗಳು ಬರುತ್ತವೆ. ನೋಡಲು ಸಾದಾ, ಗುಬ್ಬಿಯ ಬಣ್ಣ. ಒಂದೊಂದು ಹೆಲ್ಮೆಟ್ಟಿನೊಳಗೂ ಹೋಗಿ ಪಟ್ಟಿಯ ಮೇಲೆ ಕೂತು ಪರೀಕ್ಷೆ ಮಾಡುತ್ತವೆ. ಮೆಚ್ಚುಗೆಯಾದರೆ ಉಳಿಯುತ್ತವೆ, ಆಗದಿದ್ದರೆ ಪಕ್ಕದ ಗೂಡಿಗೆ ಹಾರುತ್ತವೆ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಿದ್ದರೆ ಇಲ್ಲಿರುವುದು ಗೂಡು ನೋಡುವ ಶಾಸ್ತ್ರ. ಉಪ್ಪಿಟ್ಟು–ಕಾಫಿಯ ಖರ್ಚೂ ಇಲ್ಲ. ಒಪ್ಪಿಗೆ ಸಿಕ್ಕಿದ ಮೇಲಷ್ಟೇ ಗಂಡು ಮೊಟ್ಟೆಯ ಕೋಣೆಯನ್ನು ಮುಚ್ಚಿ, ಕೆಳಮುಖದ ಕೊಳವೆಯಂಥ ಬಾಗಿಲನ್ನು ನೇಯ್ದು ಕೊಡುವುದು. ಒಳಗಡೆಯ ಅಷ್ಟಿಷ್ಟು ಕೆಲಸ ಅವಳದು. ಅವಳು ಕಾವಿಗೆ ಕೂತಳೋ ಇಲ್ಲವೋ, ಅವನು ಹತ್ತಿರದ ಇನ್ನೊಂದು ಗರಿಯಲ್ಲಿ ಹೊಸ ಹೆಲ್ಮೆಟ್ ಶುರುಮಾಡುತ್ತಾನೆ, ಇನ್ನೊಬ್ಬಳಿಗಾಗಿ. ಒಂದೇ ಹಂಗಾಮಿನಲ್ಲಿ ಒಂದರ ಹಿಂದೊಂದು ಸಂಸಾರ. ಈ ಸರತಿಯ ಸಂಸಾರವೇ ಸಲೀಂ ಅಲಿ ಕಿಹೀಮ್‌ನಲ್ಲಿ ಕಂಡುಹಿಡಿದ ಮುಖ್ಯ ಸಂಗತಿ. ಅದುವರೆಗೆ ಅರ್ಧಕ್ಕೇ ನಿಂತ ಗೂಡುಗಳನ್ನು ಕಂಡು, ಹೆಂಡತಿ ಕಾವು ಕೊಡುವಾಗ ಗಂಡು ಕೂತು ಜೀಕಲೆಂದು ಕಟ್ಟಿಕೊಂಡ ಜೋಕಾಲಿ ಇದು ಎಂದು ನಂಬಿದವರಿದ್ದರು. ನಿಜವಾಗಿ ಅವುಗಳಲ್ಲಿ ಎಷ್ಟೋ ಗೂಡುಗಳು ಹೆಣ್ಣು ಒಪ್ಪದೆ ಬಿಟ್ಟುಹೋದವು. ಘೋಡ್‌ಬಂದರ್ ರಸ್ತೆಯ ಕೆಲವು ಟವರ್‌ಗಳು ನೆನಪಾದರೆ ನನ್ನ ತಪ್ಪಲ್ಲ.

ಹೆಣ್ಣು ಪರೀಕ್ಷೆಯಲ್ಲಿ ನೋಡುವುದೇನನ್ನು? ನೇಯ್ಗೆಯ ಅಂದವನ್ನೇ ಇರಬೇಕು ಎಂದುಕೊಳ್ಳುವುದು ಸಹಜ. ಮುಂದಿನ ಸಂಶೋಧಕರು ಲೆಕ್ಕಹಾಕಿ ನೋಡಿದಾಗ ಗೂಡಿನ ಕುಸುರಿಗಿಂತ ಗೂಡಿರುವ ಜಾಗವೇ ಹೆಚ್ಚು ತೂಗುತ್ತದೆ ಎಂದು ತಿಳಿಯಿತು. ಎತ್ತರದಲ್ಲಿರಬೇಕು, ಹಾವಿಗೆ ಏರಲಾಗದ ತೆಳು ಕೊಂಬೆಯ ತುದಿಯಲ್ಲಿರಬೇಕು. ಫ್ಲಾಟ್ ನೋಡಲು ಹೋದಾಗ ಟೈಲ್ಸ್ ತೋರಿಸುವ ಏಜೆಂಟನ ಮಾತು ಕೇಳದೆ ‘ಸ್ಟೇಷನ್ ಎಷ್ಟು ದೂರ, ಮಳೆಗೆ ನೀರು ನಿಲ್ಲುತ್ತದೋ’ ಎಂದು ಕೇಳುವ ಮುಂಬಯಿಯ ಗೃಹಿಣಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಸಂಗಾತಿಯ ಮೆಚ್ಚುಗೆಗಾಗಿ ಕಟ್ಟುವ ಹಕ್ಕಿಗಳ ಮಾತು ಬಂದಾಗ ಜಗತ್ತು ಮೊದಲು ನೆನೆಯುವುದು ಗೀಜಗನನ್ನಲ್ಲ, ಆಸ್ಟ್ರೇಲಿಯ ಮತ್ತು ನ್ಯೂಗಿನಿಯ ಬೋವರ್‌ಬರ್ಡ್‌ಗಳನ್ನು. ಬೋವರ್ ಎಂದರೆ ನಮ್ಮ ಹಳೆಗಾವ್ಯಗಳ ಕುಂಜ, ಲತಾಮಂಟಪ. ಸ್ಯಾಟಿನ್ ಬೋವರ್‌ಬರ್ಡ್ ಎಂಬ ಜಾತಿಯ ಗಂಡು ಕಡ್ಡಿಗಳನ್ನು ನೆಲಕ್ಕೆ ನೆಟ್ಟು ಎರಡು ಗೋಡೆಗಳ ಓಣಿ ಮಾಡುತ್ತದೆ, ಅಗಿದ ಸೊಪ್ಪಿನ ರಸದಿಂದ ಗೋಡೆಗೆ ಬಣ್ಣ ಬಳಿಯುತ್ತದೆ, ಮುಂದಿನ ಅಂಗಳದಲ್ಲಿ ನೀಲಿ ವಸ್ತುಗಳನ್ನು ಹರಡುತ್ತದೆ. ನೀಲಿ ಗರಿ, ನೀಲಿ ಹೂವು, ಈಗೀಗ ನೀಲಿ ಪ್ಲಾಸ್ಟಿಕ್ ಬಿರಡೆಯೂ ಆದೀತು. ಪಕ್ಕದ ಗಂಡಿನ ಅಂಗಳದಿಂದ ಕದ್ದು ತರುವುದೂ ಉಂಟು. ಗ್ರೇಟ್ ಬೋವರ್‌ಬರ್ಡ್ ಇನ್ನೂ ಜಾಣ. ಸಣ್ಣ ಕಲ್ಲು, ಮೂಳೆಗಳನ್ನು ಓಣಿಯ ಹತ್ತಿರಕ್ಕೂ ದೊಡ್ಡವನ್ನು ದೂರಕ್ಕೂ ಜೋಡಿಸಿ, ಒಳಗೆ ನಿಂತು ನೋಡುವ ಹೆಣ್ಣಿನ ಕಣ್ಣಿಗೆ ಅಂಗಳದ ಅಳತೆಯೇ ಬೇರೆಯಾಗಿ ಕಾಣುವಂತೆ ಮಾಡುತ್ತದೆ. ಜಾನ್ ಎಂಡ್ಲರ್ ಮತ್ತು ಸಂಗಡಿಗರು ಆ ಜೋಡಣೆಯನ್ನು ತಿರುವುಮುರುವು ಮಾಡಿದರೆ, ಕೆಲವೇ ದಿನಗಳಲ್ಲಿ ಹಕ್ಕಿ ಮತ್ತೆ ಮೊದಲಿನಂತೆ ಜೋಡಿಸಿಟ್ಟಿತು. 2010ರಲ್ಲಿ ಪ್ರಕಟವಾದ ಸಂಶೋಧನೆ ಅದು.

ಆದರೆ ಇಷ್ಟೆಲ್ಲ ಆದ ಮೇಲೆ ಆ ಮಂಟಪದಲ್ಲಿ ಯಾರೂ ವಾಸ ಮಾಡುವುದಿಲ್ಲ. ಹೆಣ್ಣು ಬೇರೆಲ್ಲೋ ತನ್ನದೇ ಗೂಡು ಕಟ್ಟಿ, ಒಬ್ಬಳೇ ಮರಿ ಸಾಕುತ್ತಾಳೆ. ಗಂಡಿನ ಮಂಟಪ ಬರಿಯ ಮದುವೆ ಹಾಲ್. ಗೀಜಗನದು ಹಾಗಲ್ಲ, ಅವನ ಪ್ರದರ್ಶನದ ವಸ್ತುವೇ ಅವಳ ಹೆರಿಗೆ ಮನೆ, ಮರಿಗಳ ತೊಟ್ಟಿಲು. ಸುಳ್ಳು ಹೇಳಿದರೆ ಮೊದಲ ಗಾಳಿಮಳೆಗೇ ಬಯಲಾಗುತ್ತದೆ. ಬೋವರ್‌ಬರ್ಡ್‌ನ ಕಲೆ ದೊಡ್ಡದೇ ಇರಬಹುದು, ನನ್ನ ಓಟು ಮಾತ್ರ ಗೀಜಗನಿಗೆ.

ಹೆಣ್ಣಿನ ಆಯ್ಕೆಯೇ ಗಂಡಿನ ಬಣ್ಣ, ಹಾಡು, ಕೈಚಳಕಗಳನ್ನು ತಲೆಮಾರುಗಳ ಉದ್ದಕ್ಕೂ ತಿದ್ದುತ್ತ ಬಂದಿದೆ ಎಂದು ಡಾರ್ವಿನ್ 1871ರಲ್ಲಿ ಪುಸ್ತಕ ಬರೆದು ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. ವಿಕಾಸವಾದದಲ್ಲಿ ಅವನ ಜೊತೆಗಾರನಾಗಿದ್ದ ವಾಲೆಸನೇ ಒಪ್ಪಲಿಲ್ಲ. ಹೆಣ್ಣು ಹಕ್ಕಿಗೆ ಅಷ್ಟೊಂದು ಅಭಿರುಚಿ, ಅಷ್ಟೊಂದು ಅಧಿಕಾರ ಇದ್ದೀತೆ ಎಂಬ ಅನುಮಾನ ಅದರ ಹಿಂದಿತ್ತು. ಈ ವಿಚಾರಕ್ಕೆ ವಿಜ್ಞಾನಿಗಳ ಲೋಕದಲ್ಲಿ ಸರಿಯಾದ ಮನ್ನಣೆ ಸಿಗಲು ಸುಮಾರು ನೂರು ವರ್ಷ ಬೇಕಾಯಿತು.

ನಮ್ಮ ಮುಂಬಯಿ ಕನ್ನಡಿಗರ ಮದುವೆಗಳ ಚರಿತ್ರೆ ಬರೆಯುವವರಿಗೂ ಗೀಜಗ ಸ್ವಲ್ಪ ಉಪಕಾರಿಯಾದಾನು. ಹೋಟೆಲಿನ ಮೇಜುಗಳ ನಡುವೆ ಚಾಪೆ ಹಾಸಿ ಮಲಗಿ, ರಾತ್ರಿಶಾಲೆಗೆ ಹೋಗಿ, ಪಗಡಿ ಕೊಟ್ಟು ಒಂದು ಖೋಲಿ ಮಾಡಿದ ಮೇಲೆಯೇ ಊರಿಗೆ ಹೆಣ್ಣು ಕೇಳಲು ಹೋದ ತಲೆಮಾರು ನಮ್ಮ ಮನೆಗಳಲ್ಲೇ ಇದೆ. ಎಷ್ಟೋ ಮದುಮಗಳಂದಿರು ಆ ಖೋಲಿಯನ್ನು ಮೊದಲ ಸಲ ಕಂಡದ್ದು ಮದುವೆಯಾಗಿ ಬಸ್ಸಿಳಿದು ಬಂದ ಮೇಲೆ. ಇಂದಿನ ವಧೂವರ ಸಮಾವೇಶಗಳಲ್ಲಿ ‘ಸ್ವಂತ ಫ್ಲಾಟ್ ಇದೆ’ ಎನ್ನುವ ಸಾಲು ಇನ್ನೂ ಮೊದಲಿಗೇ ಬರುತ್ತದೆ, ಆದರೆ ಹುಡುಗಿ ಮೊದಲೇ ಬಂದು ಬಾಲ್ಕನಿಯಲ್ಲಿ ನಿಂತು ನೋಡಿ ಹೋಗುತ್ತಾಳೆ. ಕೆಲವು ಸಲ ಫ್ಲಾಟಿನ ಅರ್ಧ ಕಂತು ಅವಳದೇ ಆಗಿರುತ್ತದೆ. ಇಲ್ಲಿಂದ ಮುಂದೆ ಹೋಲಿಕೆ ಎಳೆಯಬಾರದು. ಗೀಜಗನ ಎರಡನೆಯ ಗೂಡನ್ನು ನಮ್ಮಲ್ಲಿ ಯಾರಾದರೂ ಮಾದರಿಯಾಗಿ ತೆಗೆದುಕೊಂಡಾರು!

ಬಹಿಣಾಬಾಯಿಯವರ ಹಾಡನ್ನು ವಿಜ್ಞಾನ ಸುಳ್ಳು ಮಾಡಿತೇ? ಅರ್ಧ ಮಾತ್ರ. ನೇಯ್ದವನು ಗಂಡು, ನಿಜ. ಆದರೆ ಎರಡರಿಂದ ನಾಲ್ಕು ಬಿಳಿ ಮೊಟ್ಟೆ ಇಟ್ಟು ಸುಮಾರು ಎರಡು ವಾರ ಕಾವು ಕೊಡುವವಳು ಅವಳೊಬ್ಬಳೇ. ಆಮೇಲೂ ಸುಮಾರು ಹದಿನೇಳು ದಿನ ಮರಿಗಳ ಹೊಟ್ಟೆ ತುಂಬಿಸುವ ಹೊರೆ ಹೆಚ್ಚುಕಡಿಮೆ ಅವಳದೇ, ಅವನ ಸಹಾಯ ಅಲ್ಪ. ಗದ್ದೆಯ ಕೆಲಸದ ನಡುವೆ ತಲೆಯೆತ್ತಿ ನೋಡಿದ ಆ ತಾಯಿಗೆ ಕಂಡದ್ದು ಗೂಡಿನೊಳಕ್ಕೆ ಹುಳು ಹೊತ್ತು ಓಡಾಡುವ ಹೆಣ್ಣು ಹಕ್ಕಿಯೇ ಇರಬೇಕು ಎಂದು ನನ್ನ ಊಹೆ.

ನೋಡಬೇಕೆನ್ನುವವರಿಗೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕಾಲ. ಕಲ್ಯಾಣದಾಚೆ, ಪನ್ವೇಲ್, ಉರಣ್, ವಸಯಿಯ ಕಡೆ ಇನ್ನೂ ಗದ್ದೆ, ಹುಲ್ಲು, ಈಚಲು ಉಳಿದಿರುವಲ್ಲಿ ಹುಡುಕಬೇಕು. ಇವು ಇಲ್ಲವಾದರೆ ಹಕ್ಕಿ ಜಾಗ ಬಿಡುತ್ತದೆ. ಗದ್ದೆಗೆ ಮಣ್ಣು ತುಂಬಿ ಪ್ಲಾಟಿನ ಬೋರ್ಡು ನೆಟ್ಟ ಮೇಲೆ ಮರವೊಂದನ್ನು ಉಳಿಸಿ ಪ್ರಯೋಜನವಿಲ್ಲ. ಕಿಹೀಮ್‌ಗೇ ಹೋಗುವುದಾದರೆ ಮಳೆಗಾಲದಲ್ಲಿ ಗೇಟ್‌ವೇಯ ದೋಣಿಗಳು ನಿಂತಿರುತ್ತವೆ. ಭಾವೂಚಾ ಧಕ್ಕಾದಿಂದ ಮಾಂಡವಾಕ್ಕೆ ರೋ-ರೋ ಹಡಗಿದೆ, ಕಡಲು ಒಪ್ಪಿದರೆ. ಮರದಡಿಗೆ ಹೋಗದೆ ದೂರದಲ್ಲಿ ನಿಂತು ಹಸಿರು ಗೂಡು ಯಾವುದು, ಕಂದು ಗೂಡು ಯಾವುದು ನೋಡಿ. ಕಂದು ಹಳೆಯದು, ಹಸಿರು ಹೊಸದು. ಹಸಿರು ಹೆಲ್ಮೆಟ್ಟಿಗೆ ಜೋತುಬಿದ್ದು ಹಳದಿ ತಲೆಯವನು ರೆಕ್ಕೆ ಬಡಿಯುತ್ತಿದ್ದರೆ ಅವಳಿನ್ನೂ ಒಪ್ಪಿಲ್ಲ ಎಂದರ್ಥ. ಕೊಳವೆ ಕೆಳಗಿಳಿದಿದ್ದರೆ ಮಾತುಕತೆ ಮುಗಿದಿದೆ.