ಕಂಬೈನ್ಡ್ ಸ್ಟಡಿ ಅಂದ್ರೆ ಬರೀ ಹರಟೆನಾ?

ಮಗಳು ಸೆಕೆಂಡ್ ಪಿಯುಸಿನಾ? ಹಾಗಾದರೆ ಜನವರಿಯಿಂದಲೇ ನಿಮ್ಮ ಮನೆಯ ಟಿವಿ ಸದ್ದು ಇಳಿದಿರುತ್ತದೆ. ನೆಂಟರಿಗೆಲ್ಲ ‘ಪರೀಕ್ಷೆ ಮುಗೀಲಿ, ಆಮೇಲೆ ಬನ್ನಿ’ ಅಂತ ಹೇಳಿಯೂ ಆಗಿರುತ್ತದೆ. ಅಂಥ ಹೊತ್ತಿನಲ್ಲಿ ಮಗಳು ಬಂದು, ‘ಅಮ್ಮಾ, ನಾಳೆಯಿಂದ ಕೆಮಿಸ್ಟ್ರಿಗೆ ನಾವು ನಾಲ್ಕು ಜನ ಕಂಬೈನ್ಡ್ ಸ್ಟಡಿ ಮಾಡ್ತೀವಿ, ನಮ್ಮನೇಲೇ’ ಅಂದರೆ ಎದೆ ಧಸಕ್ಕೆನ್ನದೆ ಇರುತ್ತದಾ? ನಾಲ್ಕು ಹುಡುಗಿಯರು ಒಂದು ಕಡೆ ಸೇರಿದ ಮೇಲೆ ಓದೋದು ಇನ್ನೆಲ್ಲಿ!

ನನಗೂ ಹಾಗೇ ಅನಿಸಿತ್ತು. 2024ರಲ್ಲಿ ನನ್ನ ಮಗಳು ಪರೀಕ್ಷೆ ಬರೆಯುವಾಗ ನಮ್ಮ ಮನೆಯ ಹಾಲೇ ಇವರ ಅಡ್ಡೆ. ಕಾಫಿ ಕೊಡುವ ನೆಪದಲ್ಲಿ ನಾನು ಹತ್ತು ಸಲ ಇಣುಕಿದ್ದೆ. ಆಶ್ಚರ್ಯ! ಹರಟೆ ಇಲ್ಲ, ನಗು ಇಲ್ಲ. ನಾಲ್ವರೂ ತಲೆ ಬಗ್ಗಿಸಿಕೊಂಡು ಪುಸ್ತಕದ ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತಿದ್ದರು. ಪರವಾಗಿಲ್ವೇ ಅಂತ ಖುಷಿಯಾಗಿ ಸಂಜೆಗೆ ಈರುಳ್ಳಿ ಬೋಂಡಾ ಕರಿದೆ.

ಆದರೆ ನಿಜವಾದ ತೊಂದರೆ ಇದ್ದದ್ದು ಆ ಮೌನದಲ್ಲೇ ಅಂತ ಆಮೇಲೆ ಗೊತ್ತಾಯಿತು. ಎರಡು ದಿನ ಬಿಟ್ಟು ಕೇಳಿದರೆ, ‘ಓದಿದೀನಿ ಅಮ್ಮಾ, ನೆನಪಿಗೆ ಬರ್ತಿಲ್ಲ’ ಅನ್ನೋಳು. ಒಟ್ಟಿಗೆ ಕೂತು ಒಬ್ಬೊಬ್ಬರೇ ಓದುವುದಾದರೆ ಅವರವರ ಮನೆಯಲ್ಲೇ ಓದಬಹುದಲ್ಲ? ಸುಮ್ಮನೆ ಆಟೋ ಖರ್ಚು.

ಇದು ನಮ್ಮ ಮನೆಯ ಕತೆ ಮಾತ್ರವಲ್ಲ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಮತ್ತೆ ಮತ್ತೆ ಓದಿಸಿದರು. ಇನ್ನು ಕೆಲವರಿಗೆ ಓದಿದ ಮೇಲೆ ಪಾಠ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ನೋಡಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗಾಮುರುಗಾ, ನೆನಪಿಸಿಕೊಂಡು ಬರೆದವರೇ ಮುಂದು! ಪರೀಕ್ಷೆ ಇರುವುದು ಐದು ನಿಮಿಷ ಬಿಟ್ಟಲ್ಲ ತಾನೇ?

ಆದ್ದರಿಂದ ಕಂಬೈನ್ಡ್ ಸ್ಟಡಿ ಅಂದರೆ ಪುಸ್ತಕ ಮುಚ್ಚಿಟ್ಟು ಒಬ್ಬರನ್ನೊಬ್ಬರು ಕೇಳುವುದು. ಅಲ್ಲಿ ಸ್ವಲ್ಪ ಗಲಾಟೆ ಇರಲೇಬೇಕು. ಇದನ್ನು ನನಗೆ ಕಲಿಸಿದ್ದು ಆ ನಾಲ್ವರಲ್ಲಿ ಎಲ್ಲರಿಗಿಂತ ಹಿಂದಿದ್ದ ಹುಡುಗಿ. ಪ್ರಿಪರೇಟರಿಯಲ್ಲಿ ಕೆಮಿಸ್ಟ್ರಿಗೆ 70ಕ್ಕೆ 14 ತೆಗೆದಿದ್ದಳು. ಒಂದು ಸಂಜೆ ನನ್ನ ಮಗಳು, ‘ಆಲ್ಫಾ ಹೈಡ್ರೋಜನ್ ಇದ್ರೆ ಆಲ್ಡಾಲ್, ಇಲ್ದಿದ್ರೆ ಕ್ಯಾನಿಜಾರೋ. ಅದಕ್ಕೇ ಬೆಂಜಾಲ್ಡಿಹೈಡ್ ಕ್ಯಾನಿಜಾರೋ ಕೊಡುತ್ತೆ’ ಅಂತ ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಆ ಹುಡುಗಿ ಮೆಲ್ಲಗೆ, ‘ಬೆಂಜಾಲ್ಡಿಹೈಡಲ್ಲಿ ಅಷ್ಟೊಂದು ಹೈಡ್ರೋಜನ್ ಇದ್ಯಲ್ಲೇ, ಮತ್ತೆ ಇಲ್ಲ ಅಂತೀಯಲ್ಲ?’ ಅಂದಳು. ನಮ್ಮ ಜಾಣೆಯ ಬಾಯಿ ಕಟ್ಟಿಹೋಯಿತು! ಅರ್ಧ ಗಂಟೆ ಅದೇ ಚರ್ಚೆ.

ನಾನೋ, ಅಡುಗೆಮನೆಯಲ್ಲಿ ಗಡಿಯಾರ ನೋಡುತ್ತಿದ್ದೆ. ರಾತ್ರಿ ಮಗಳಿಗೆ, ‘ಅವಳಿಗೆ ಹೇಳಿಕೊಡ್ತಾ ಕೂತ್ರೆ ನಿನ್ನ ಮಾರ್ಕ್ಸೂ ಹೋಗುತ್ತೆ ನೋಡು’ ಅಂದುಬಿಟ್ಟೆ. ಮರೆತ ರೆಕಾರ್ಡ್ ಬುಕ್ ತೆಗೆದುಕೊಂಡು ಹೋಗಲು ಆ ಹುಡುಗಿ ವಾಪಸ್ ಬಂದು ಬಾಗಿಲಲ್ಲೇ ನಿಂತಿದ್ದಳು. ನನಗೆ ಗೊತ್ತಿರಲಿಲ್ಲ. ಮಾರನೇ ದಿನದಿಂದ ಬರಲಿಲ್ಲ.

ಮಗಳು ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಬಾಯಿ ಬಿಟ್ಟವಳು ಅಳುತ್ತಲೇ ಹೇಳಿದಳು: ‘ಅವಳು ಕೇಳಿದ್ರಿಂದ ನಂಗೆ ಗೊತ್ತಾಯ್ತಮ್ಮಾ. ಸಿಎಚ್‌ಒಲ್ಲಿರೋ ಹೈಡ್ರೋಜನ್ ಆಲ್ಫಾ ಅಲ್ಲ. ಅದರ ಪಕ್ಕದ ಕಾರ್ಬನ್ ಮೇಲಿರೋದು ಆಲ್ಫಾ. ಬೆಂಜಾಲ್ಡಿಹೈಡಲ್ಲಿ ಆ ಕಾರ್ಬನ್ ಉಂಗುರದ್ದು, ಅದರ ಮೇಲೆ ಹೈಡ್ರೋಜನ್ನೇ ಇಲ್ಲ. ನಾನು ಅಲ್ಲೀವರೆಗೂ ಬರೀ ಬಾಯಿಪಾಠ ಮಾಡಿದ್ದೆ.’

ಆಲ್ಫಾ, ಬೀಟಾ ನನಗೆ ಅರ್ಥವಾಗಲಿಲ್ಲ. ಉಳಿದದ್ದು ಅರ್ಥವಾಯಿತು. ಸಂಜೆ ಒಂದು ಡಬ್ಬಿ ಕೋಡುಬಳೆ ಹಿಡಿದು ಅವರ ಮನೆಗೆ ಹೋದೆ. ಅವಳಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಬಂದರು. ಪಾಪ, ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಹುಡುಗಿ ತಲೆ ತಗ್ಗಿಸಿ, ‘ನನ್ನಿಂದ ಅವಳಿಗೆ ಲೇಟಾಗುತ್ತೆ ಆಂಟಿ’ ಅಂದಳು. ‘ತಪ್ಪು ನಂದು ಕಣಮ್ಮಾ. ನೀನಿಲ್ದೆ ಅವಳನ್ನ ಪ್ರಶ್ನೆ ಕೇಳೋರೇ ಇಲ್ಲ, ಬಾ’ ಅಂದೆ. ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳಲು ನಮಗೆ ಎಷ್ಟು ಕಷ್ಟ ಅಲ್ವಾ? ಮಾರನೇ ದಿನ ಬಂದಳು. ಮೊದಲೆರಡು ದಿನ ನನ್ನ ಮುಖ ನೋಡುತ್ತಿರಲಿಲ್ಲ, ಅಷ್ಟೇ.

ಆಮೇಲೆ ಇವರ ಓದಿನ ವೈಖರಿಯೇ ಬದಲಾಯಿತು. ಮೊದಲು ಮನೆಯಲ್ಲಿ ಒಂಟಿಯಾಗಿ ಓದಿಯೇ ಬರಬೇಕು. ಓದದೆ ಬಂದವರಿಗೆ ಗುಂಪಿನಲ್ಲಿ ಏನೂ ದಕ್ಕುವುದಿಲ್ಲ. ಬಂದ ಮೇಲೆ ಫೋನುಗಳೆಲ್ಲ ಫ್ರಿಡ್ಜ್ ಮೇಲೆ. ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಚೀಟಿ ಮಾಡಿದರು. ಒಂದು ಬದಿ ‘ಸ್ಯಾಂಡ್‌ಮೇಯರ್’, ‘ಹಾಫ್‌ಮನ್ ಬ್ರೋಮಮೈಡ್’ ಅಂತ ರಿಯಾಕ್ಷನ್ ಹೆಸರು, ಇನ್ನೊಂದು ಬದಿ ಸಮೀಕರಣ. ಚೀಟಿ ಎತ್ತಿದವರು ಬರೆದು ತೋರಿಸಬೇಕು, ಅದು ಹಾಗೇಕೆ ಅಂತಲೂ ಹೇಳಬೇಕು. ಪ್ರಾಬ್ಲಂಗಳು ಮಾತ್ರ ಅವರವರ ನೋಟ್‌ಬುಕ್ಕಿನಲ್ಲೇ. ಇನ್ನೊಬ್ಬರು ಬಿಡಿಸುವುದನ್ನು ನೋಡಿದರೆ ನಮಗೂ ಬಂತು ಅನಿಸಿಬಿಡುತ್ತದೆ, ಬಂದಿರುವುದಿಲ್ಲ. ರಂಗೋಲಿ ಹಾಕುವುದನ್ನು ನೋಡಿದಷ್ಟಕ್ಕೇ ಕೈಗೆ ಬರುತ್ತದಾ ಹೇಳಿ? ಭಾನುವಾರ ಪರೀಕ್ಷೆಯಷ್ಟೇ ಹೊತ್ತು ಕೂತು ಹಳೇ ಪ್ರಶ್ನೆಪತ್ರಿಕೆ ಬರೆದು, ಪೇಪರ್ ಅದಲುಬದಲು ಮಾಡಿಕೊಂಡು ತಿದ್ದುತ್ತಿದ್ದರು. ಸೆಲ್ಸಿಯಸ್ಸಿಗೆ 273 ಕೂಡಿಸುವುದನ್ನು ಮರೆತವರಿಗೆ ಆವತ್ತು ಪಾತ್ರೆ ತೊಳೆಯುವ ಶಿಕ್ಷೆ. ಲಾಭ ನನಗೆ!

ಕೆಮಿಸ್ಟ್ರಿ ಗೊತ್ತಿಲ್ಲದ ನಾವೇನು ಮಾಡೋದು ಅಂತೀರಾ? ಗೊತ್ತಿಲ್ಲದಿರುವುದೇ ಒಳ್ಳೆಯದು! ನೀವು ದಡ್ಡಿಯಾಗಿ ಕೇಳಿ, ಅವರು ಬಿಡಿಸಿ ಹೇಳಲಿ. ನಾನು ಮಾವಿನ ಮಿಡಿಗೆ ಉಪ್ಪು ಹಾಕುತ್ತಾ, ‘ನಾನು ನೀರೇ ಹಾಕಿಲ್ಲ, ಭರಣಿಯಲ್ಲಿ ಇಷ್ಟು ನೀರು ಎಲ್ಲಿಂದ ಬಂತೇ?’ ಅಂದೆ. ‘ಆಸ್ಮೋಸಿಸ್ ಅಮ್ಮಾ, ಉಪ್ಪು ಜಾಸ್ತಿ ಇರೋ ಕಡೆಗೆ ಮಿಡಿಯೊಳಗಿನ ನೀರು ಹೊರಗೆ ಬರುತ್ತೆ, ಅದಕ್ಕೇ ಸುಕ್ಕಾಗೋದು.’ ‘ಹಾಗಾದ್ರೆ ಒಣದ್ರಾಕ್ಷಿ ನೀರಿಗೆ ಹಾಕಿದ್ರೆ ಯಾಕೆ ಉಬ್ಬುತ್ತೆ?’ ಅಂದೆ. ನಾಲ್ವರೂ ಒಟ್ಟಿಗೆ ಕಿರುಚಿದರು. ‘ಸಲ್ಯೂಷನ್ಸ್’ ಪಾಠದ ಒಂದು ಭಾಗ ಅಡುಗೆಮನೆಯಲ್ಲೇ ಮುಗಿಯಿತು. ಉತ್ತರ ಸರಿಯೋ ತಪ್ಪೋ ನಮಗೆ ಗೊತ್ತಾಗದೆ ಇರಬಹುದು, ತಡವರಿಸುವುದು ಗೊತ್ತಾಗುತ್ತದೆ. ತಡವರಿಸಿದರೆ ‘ಪುಸ್ತಕ ನೋಡ್ಕೊಂಡು ಬಾ’ ಅಂದರೆ ಸಾಕು.

ಇನ್ನೊಂದು ಮಾತು, ಇದು ನೆನಪಿರಲಿ. ಅಕ್ಕನದೋ ಕಸಿನ್‌ದೋ ಹಳೇ ನೋಟ್ಸ್ ಇಟ್ಟುಕೊಂಡು ಓದುತ್ತಿದ್ದರೆ ಒಮ್ಮೆ ಪರಿಶೀಲಿಸಿ. ಎನ್‌ಸಿಇಆರ್‌ಟಿ ಪಠ್ಯ ಕಡಿತವಾದ ಮೇಲೆ, 2023–24ರಿಂದ, ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್‌ನಂಥ ಪಾಠಗಳು ಹೊಸ ಪುಸ್ತಕದಲ್ಲಿಲ್ಲ. ನಮ್ಮ ಗುಂಪಿನ ಒಬ್ಬಳು ಪಾಲಿಮರ್ಸ್ ಅನ್ನು ಕಷ್ಟಪಟ್ಟು ಎರಡು ಸಲ ಓದಿ ಮುಗಿಸಿದ್ದಳು!

ಗುಂಪಿನಲ್ಲಿ ಹುಡುಗರೂ ಇದ್ದರೆ? ಹಾಲಿನಲ್ಲೇ ಕೂರಿಸಿ, ಬಾಗಿಲು ತೆರೆದಿರಲಿ, ನೀವು ಅಲ್ಲೇ ಸೊಪ್ಪು ಬಿಡಿಸುತ್ತಾ ಇರಿ. ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕಕ್ಕಿಂತ ಹೆಚ್ಚು ಜನ ಬೇಡ, ಐದನೆಯವರು ಬಂದರೆ ಗುಂಪು ಒಡೆದು ಎರಡಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಕಂಬೈನ್ಡ್ ಸ್ಟಡಿ ಬೇಡವೇ ಬೇಡ. ‘ನೀನು ಅದು ಓದಿಲ್ವಾ?’ ಅಂತ ಒಬ್ಬಳು ಅಂದರೆ ಸಾಕು, ಉಳಿದವರಿಗೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ.

ಅಂದ ಹಾಗೆ, 14 ತೆಗೆದಿದ್ದ ಆ ಹುಡುಗಿ ಫೈನಲ್‌ನಲ್ಲಿ ಥಿಯರಿಗೆ 41 ತೆಗೆದಳು. ರಿಸಲ್ಟ್ ದಿನ ಅವಳಮ್ಮ ಫೋನ್ ಮಾಡಿ, ‘ನಿಮ್ಮ ಕೋಡುಬಳೆ ಡಬ್ಬಿ ನಮ್ಮನೇಲೇ ಇದೆ, ಖಾಲಿ ಕೊಡೋಕಾಗುತ್ತಾ, ಹೋಳಿಗೆ ಮಾಡಿ ತರ್ತೀನಿ ಇರಿ’ ಅಂದರು.