ಮೂರು ಸಿಲಿಂಡರಿನ ಲೆಕ್ಕ

ಕಾಳಿ ನದಿಯ ದಂಡೆಯ ಮೌಳಂಗಿಯಿಂದ ದಾಂಡೇಲಿಗೆ, ಹಳಿಯಾಳದ ಸಂತೆಗೆ, ಜೋಯಿಡಾದ ಕಚೇರಿಗೆ, ಉಳವಿಯ ಜಾತ್ರೆಗೆ ಓಡಾಡುವ ವಾಹನಗಳ ನಡುವೆ ಹಳೆಯ ಮಾರುತಿ 800, ಓಮ್ನಿ ವ್ಯಾನುಗಳು ಇನ್ನೂ ಕಣ್ಣಿಗೆ ಬೀಳುತ್ತವೆ. 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು, ಓಮ್ನಿಯದು 2019ರಲ್ಲಿ. ಅಂದರೆ ಕಟ್ಟಕಡೆಯ 800ಕ್ಕೂ ಈಗ ಹತ್ತು ವರ್ಷ ದಾಟಿದೆ. ‘ಹಳೇ ಎಂಜಿನ್ನಿನ ಗಟ್ಟಿತನ ಈಗಿನವಕ್ಕೆ ಎಲ್ಲಿಂದ ಬರಬೇಕು? ಮೈಲೇಜೂ ಅಷ್ಟು ಬರುವುದಿಲ್ಲ’ ಎಂಬ ಮಾತು ಯಾವ ಗ್ಯಾರೇಜಿನ ಮುಂದೆ ನಿಂತರೂ ಕೇಳುತ್ತದೆ. ಆ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ಮಮತೆಯಿದೆ. ಎರಡನ್ನೂ ಕೇರಿ ಬೇರೆ ಮಾಡಿದರೆ ಉಳಿಯುವುದು ಇಷ್ಟು: ಈ ಎಂಜಿನ್ನುಗಳು ಬಾಳಿದ್ದು ಅವುಗಳಿಂದ ಕಡಿಮೆ ಕೆಲಸ ಕೇಳಿದ್ದರಿಂದ ಮತ್ತು ಕೆಟ್ಟಾಗ ಊರಿನಲ್ಲೇ ರಿಪೇರಿಯಾಗುತ್ತಿದ್ದುದರಿಂದ. ಮೈಲೇಜು ಕೊಟ್ಟದ್ದು ಬಹುಮಟ್ಟಿಗೆ ಕಾರಿನ ಹಗುರ ಮೈ. ಹಾಗಾಗಿ ಹಳೆಯ ಸಣ್ಣ ಕಾರು ಇವತ್ತಿಗೂ ಕೆಲವರಿಗೆ ಲಾಭದ್ದು, ಕೆಲವರಿಗೆ ನಷ್ಟದ್ದು. ಯಾರಿಗೆ ಯಾವುದು ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು.

ಮೊದಲು ಎಂಜಿನ್ನಿನ ಜಾತಕ ನೋಡೋಣ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಮೊದಲ ಮಾರುತಿಯ ಕೀಲಿ ಕೊಟ್ಟರು. ಆವರೆಗೆ ನಮ್ಮ ರಸ್ತೆಗಳಲ್ಲಿ ಕಾರೆಂದರೆ 1,489 ಸಿಸಿಯ ಅಂಬಾಸಿಡರ್ ಮತ್ತು 1,089 ಸಿಸಿಯ ಪ್ರೀಮಿಯರ್ ಪದ್ಮಿನಿ. ಅವುಗಳ ನಡುವೆ ಬಂದ ಮಾರುತಿಯದು 796 ಸಿಸಿಯ ಎಂಜಿನ್. ಮೂರು ಸಿಲಿಂಡರ್, ಒಂದೊಂದಕ್ಕೆ ಎರಡರಂತೆ ಒಟ್ಟು ಆರು ವಾಲ್ವ್, ಮೇಲೆ ಒಂದೇ ಕ್ಯಾಮ್ ಶಾಫ್ಟ್, ಅದನ್ನು ತಿರುಗಿಸಲು ಒಂದು ಬೆಲ್ಟು. ಶಕ್ತಿ 40 ಅಶ್ವಶಕ್ತಿಗೂ ತುಸು ಕಡಿಮೆ. ಸುಜುಕಿ ಕಂಪನಿ ಇದಕ್ಕಿಟ್ಟ ಹೆಸರು ಎಫ್8ಬಿ. 1984ರಲ್ಲಿ ಬಂದ, ಮುಂದೆ ಓಮ್ನಿ ಎನಿಸಿಕೊಂಡ ವ್ಯಾನಿಗೂ ಇದೇ ಎಂಜಿನ್. ಅಲ್ಲಿ ಅದರ ಜಾಗ ಮುಂದಿನ ಸೀಟುಗಳ ಅಡಿಯಲ್ಲಿ. 2000ರಲ್ಲಿ ಬಂದ ಆಲ್ಟೊ ಇದೇ ವಂಶದ, ಹನ್ನೆರಡು ವಾಲ್ವಿನ 796 ಸಿಸಿ ಎಂಜಿನ್ ಹೊತ್ತುಕೊಂಡಿತು. ಅದರ ಮುಂದುವರಿಕೆಯಾದ ಆಲ್ಟೊ 800 ನಿಂತದ್ದು 2023ರಲ್ಲಿ. ಒಂದು ಎಂಜಿನ್ನಿನ ಮನೆತನ, ನಡುನಡುವೆ ತಿದ್ದಿಸಿಕೊಳ್ಳುತ್ತ, 40 ವರ್ಷ ಒಂದೇ ದೇಶದಲ್ಲಿ ಸಂಸಾರ ಮಾಡಿದ ಉದಾಹರಣೆಗಳು ಹೆಚ್ಚಿಲ್ಲ.

ಬಾಳಿಕೆಯ ಮೊದಲ ಕಾರಣ ಈ ಅಂಕಿಗಳಲ್ಲೇ ಇದೆ. ಒಂದು ಲೀಟರ್ ಗಾತ್ರದ ಲೆಕ್ಕಕ್ಕೆ ತಂದರೆ ಈ ಎಂಜಿನ್ ಕೊಡುವುದು ಸುಮಾರು 50 ಅಶ್ವಶಕ್ತಿ. ಈಗಿನ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನು ಅದೇ ಗಾತ್ರದಿಂದ 100 ಅಶ್ವಶಕ್ತಿ ಹಿಂಡುತ್ತದೆ. ಶಕ್ತಿ ಹೆಚ್ಚು ಬೇಕೆಂದರೆ ಪ್ರತಿ ಸ್ಫೋಟದಲ್ಲೂ ಒತ್ತಡ ಹೆಚ್ಚಬೇಕು, ಶಾಖ ಹೆಚ್ಚಬೇಕು. ಇವೆರಡನ್ನೂ ತಡೆದುಕೊಳ್ಳಬೇಕಾದದ್ದು ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವುಗಳೇ. ಎಫ್8ಬಿಯಲ್ಲಿ ಪಿಸ್ಟನ್ ಮೇಲೇರಿ ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಅದುಮುವ ಪ್ರಮಾಣ 8.7ಕ್ಕೆ 1, ಈಗಿನ ಎಂಜಿನ್ನುಗಳಲ್ಲಿ ಇದು ಹತ್ತನ್ನು ದಾಟುತ್ತದೆ. ಕಡಿಮೆ ಅದುಮಿದರೆ ಇಂಧನದಿಂದ ದಕ್ಕುವ ಕೆಲಸ ಕಡಿಮೆ, ನಿಜ. ಆದರೆ ಪೆಟ್ರೋಲಿನ ಗುಣಮಟ್ಟ ಇವತ್ತಿನಂತಿರದ ಕಾಲದಲ್ಲಿ, ಎಂಜಿನ್ ‘ನಾಕಿಂಗ್’ ಹೊಡೆಯದೆ, ಅಂದರೆ ಮಿಶ್ರಣ ತಾನಾಗಿ ಸಿಡಿಯದೆ, ಎಂಥ ಪೆಟ್ರೋಲನ್ನಾದರೂ ಅರಗಿಸಿಕೊಂಡದ್ದು ಈ ಸೌಮ್ಯ ಪ್ರಮಾಣದಿಂದಲೇ. ಎಳೆಯುವ ಬಲವೂ ಸುತ್ತು ಏರುವ ಮೊದಲೇ ಸಿಗುತ್ತಿದ್ದುದರಿಂದ, ಚಾಲಕ ಎಂಜಿನ್ನನ್ನು ಕಿರುಚಿಸುವ ಪ್ರಸಂಗ ಬರುತ್ತಿದ್ದುದು ಘಟ್ಟದಂಥ ಕಡೆ ಮಾತ್ರ. ಹತ್ತು ಚೀಲ ಹೊರಬಲ್ಲವನ ಬೆನ್ನಿಗೆ ಐದೇ ಚೀಲ ಹೇರಿದಂತೆ. ಬೆನ್ನು ಬಹುಕಾಲ ನೆಟ್ಟಗಿತ್ತು.

ಎರಡನೆಯ ಕಾರಣ ಎಂಜಿನ್ನಿನ ಹೊರಗಿದೆ. ಸವೆಯದ ಎಂಜಿನ್ ಎಲ್ಲೂ ಇಲ್ಲ. ಇದರಲ್ಲೂ ರಿಂಗ್ ಸವೆದು ಆಯಿಲ್ ಸುಡುತ್ತದೆ, ನೀಲಿ ಹೊಗೆ ಬರುತ್ತದೆ. ರೇಡಿಯೇಟರಿನಲ್ಲಿ ನೀರು ಇಳಿದದ್ದು ಗೊತ್ತಾಗದೆ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುತ್ತದೆ. ಆದರೆ ಬಿಡಿಭಾಗಗಳು ಕಡಿಮೆ, ಕೈಯಾಡಲು ಜಾಗ ಧಾರಾಳ, ಸ್ಪ್ಯಾನರ್ ಮತ್ತು ಫೀಲರ್ ಗೇಜಿನಲ್ಲಿ ಮುಗಿಯುವ ಕೆಲಸವೇ ಹೆಚ್ಚು. ಓಮ್ನಿಯ ಸೀಟು ಎತ್ತಿದರೆ ಟ್ಯಾಪೆಟ್ ಸೆಟ್ ಮಾಡಬಹುದು. 25 ಲಕ್ಷಕ್ಕೂ ಹೆಚ್ಚು 800ಗಳು ತಯಾರಾದದ್ದರಿಂದ ಅದರ ಬಿಡಿಭಾಗ ತಾಲ್ಲೂಕು ಕೇಂದ್ರದ ಅಂಗಡಿಗೂ ಬಂತು. ಅದರ ಕೆಲಸ ಕಲಿಯದ ಮಿಸ್ತ್ರಿ ಇಲ್ಲವೆಂಬಂತಾಯಿತು. ದಾಂಡೇಲಿ, ಜೋಯಿಡಾದಂಥ ಸೀಮೆಗೆ ಇದರ ಬೆಲೆ ಬೇರೆಯೇ. ಕುಂಬಾರವಾಡದಾಚೆಗೋ ಅಣಶಿ ಘಟ್ಟದ ನಡುವೆಯೋ ಮಳೆಗಾಲದಲ್ಲಿ ಗಾಡಿ ನಿಂತರೆ ಸುತ್ತ ಇರುವುದು ಕಾಡು. ದೋಷ ಹುಡುಕಲು ಕಂಪ್ಯೂಟರ್ ಹಚ್ಚಲೇಬೇಕಾದ ಕಾರನ್ನು ಅಲ್ಲಿಂದ ಎಳೆಸಿಕೊಂಡು ಹೋಗಬೇಕು. ಪೆಟ್ರೋಲ್ ಬರುತ್ತಿದೆಯೇ, ಕಿಡಿ ಬರುತ್ತಿದೆಯೇ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕಾಗುವ ಕಾರನ್ನು, ಮಿಸ್ತ್ರಿಯೇ ಬೈಕ್ ಹತ್ತಿ ಬಂದು ಎಬ್ಬಿಸಬಹುದು. ಬಾಳಿಕೆ ಎಂದು ನಾವು ಕರೆಯುವುದರಲ್ಲಿ ಲೋಹದ ಪಾಲಿನಷ್ಟೇ ಈ ಕೈಗಳ ಪಾಲೂ ಇದೆ.

ಇನ್ನು ಮೈಲೇಜು. ಸರಿಯಾಗಿ ಟ್ಯೂನ್ ಆದ 800 ಬಯಲು ರಸ್ತೆಯಲ್ಲಿ ಲೀಟರಿಗೆ 16–18 ಕಿ.ಮೀ. ಓಡುತ್ತದೆಂಬುದು ಬಳಸಿದವರಿಗೆಲ್ಲ ಗೊತ್ತಿರುವ ಸಂಗತಿ. ಅದರ ಮೊದಲ ಗುಟ್ಟು ತೂಕ: ಕಾರು ಸುಮಾರು 650 ಕಿಲೊ ಅಷ್ಟೆ. ಚಕ್ರ ಉರುಳುವಾಗಿನ ತಡೆ, ಏರು ಹತ್ತುವಾಗಿನ ಹೊರೆ, ನಿಂತ ಕಾರನ್ನು ವೇಗಕ್ಕೆ ತರುವ ಖರ್ಚು, ಈ ಮೂರೂ ತೂಕದ ಜೊತೆಗೇ ಏರಿಳಿಯುತ್ತವೆ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡುವಾಗ ಗಾಳಿಯ ತಡೆಯೇ ದೊಡ್ಡದು. ನಮ್ಮ ಕಾಡುರಸ್ತೆಯ ತಿರುವುಗಳಲ್ಲಿ, ನಲವತ್ತು ಐವತ್ತರ ಓಟದಲ್ಲಿ, ತೂಕವೇ ಯಜಮಾನ. ಎರಡನೆಯ ಗುಟ್ಟು ಎಂಜಿನ್ನಿನ ಅಳತೆ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುವುದು ಗಾಳಿಯ ದಾರಿಯನ್ನು ಅರ್ಧ ಮುಚ್ಚಿ. ಮೂಗು ಅರ್ಧ ಮುಚ್ಚಿಕೊಂಡು ಉಸಿರೆಳೆದರೆ ಎದೆ ಹೇಗೆ ದಣಿಯುತ್ತದೋ ಹಾಗೆಯೇ ಆಗ ಎಂಜಿನ್ ಬರಿದೇ ಗಾಳಿ ಎಳೆಯಲು ಒಂದಷ್ಟು ಶಕ್ತಿ ಕಳೆಯುತ್ತದೆ. ದೊಡ್ಡ ಎಂಜಿನ್ ನಿಧಾನದ ಓಟದಲ್ಲಿ ಯಾವಾಗಲೂ ಈ ಸ್ಥಿತಿಯಲ್ಲಿರುತ್ತದೆ. ಸಣ್ಣ ಎಂಜಿನ್ ಅದೇ ಕೆಲಸವನ್ನು ಬಾಗಿಲು ಹೆಚ್ಚು ತೆರೆದು ಮಾಡುತ್ತದೆ. ಮೂರೇ ಸಿಲಿಂಡರ್ ಇರುವುದರಿಂದ ಉಜ್ಜಾಟದ ನಷ್ಟವೂ ಕಡಿಮೆ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ: ಹಳೆಯದೇ ಅಷ್ಟು ಮಿತವ್ಯಯಿಯಾಗಿದ್ದರೆ ಹೊಸವು ಅದನ್ನು ಮೀರಿದ್ದು ಹೇಗೆ? ಮೀರಿವೆ, ಸಂಶಯ ಬೇಡ. 2022ರ ಆಲ್ಟೊ ಕೆ10ರ ಎಂಜಿನ್ 998 ಸಿಸಿಯದು, ಶಕ್ತಿ 65 ಅಶ್ವಶಕ್ತಿಗೂ ಹೆಚ್ಚು, ಕಾರಿನ ತೂಕವೂ 800ಕ್ಕಿಂತ ಜಾಸ್ತಿ. ಆದರೂ ಅದರ ಪ್ರಮಾಣಿತ ಮೈಲೇಜು ಲೀಟರಿಗೆ 24 ಕಿ.ಮೀ. ದಾಟುತ್ತದೆ. ಪರೀಕ್ಷಾ ಕೊಠಡಿಯ ಈ ಅಂಕಿ ರಸ್ತೆಯಲ್ಲಿ ಕೆಳಗಿಳಿಯುತ್ತದೆ ಎಂದು ಒಪ್ಪಿಕೊಂಡರೂ 800 ಹಿಂದೆಯೇ ಉಳಿಯುತ್ತದೆ. ಹೆಚ್ಚು ಅದುಮುವ ಸಿಲಿಂಡರ್, ಹನಿಹನಿ ಅಳೆದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಉಜ್ಜಾಟ ಕಡಿಮೆ ಮಾಡಿದ ಭಾಗಗಳು ಕೊಟ್ಟ ಲಾಭ ಇದು. ಅಷ್ಟೇ ಅಲ್ಲ, ‘ಸರಳ’ ಎಂದರೆ ‘ಎಲೆಕ್ಟ್ರಾನಿಕ್ಸ್ ಇಲ್ಲದ್ದು’ ಎಂಬ ನಂಬಿಕೆಗೂ 800ರ ಚರಿತ್ರೆಯೇ ವಿರುದ್ಧ ಸಾಕ್ಷಿ. 2000ದ ಸುಮಾರಿಗೆ ಕಾರ್ಬೊರೇಟರ್ ಹೋಗಿ ಎಂಪಿಎಫ್ಐ ಎಂಬ ಇಂಜೆಕ್ಷನ್ ವ್ಯವಸ್ಥೆ ಬಂದಾಗ ಚೋಕ್ ಎಳೆಯುವ ರಗಳೆ ತಪ್ಪಿತು, ಹೊಗೆ ಇಳಿಯಿತು, ಎಂಜಿನ್ನಿನ ಆಯುಷ್ಯವೇನೂ ಕುಗ್ಗಲಿಲ್ಲ. ಕಾರ್ಬೊರೇಟರಿನಲ್ಲಿ ಮಿಶ್ರಣ ಹದ ತಪ್ಪಿದರೆ ಹೆಚ್ಚಿನ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಸವೆತವನ್ನೇ ಹೆಚ್ಚಿಸುತ್ತದೆ. ಇಂಜೆಕ್ಷನ್ ಅದನ್ನು ತಪ್ಪಿಸಿತು. ಎಂಜಿನ್ನನ್ನು ಕಾಯ್ದ ಸರಳತೆ ವೈರು ಎಣಿಸಿ ಹೇಳುವಂಥದ್ದಲ್ಲ. ಅದು ಹೊರೆಯ ಮಿತಿಯಲ್ಲಿತ್ತು.

ಎರಡನೆಯ ಆಕ್ಷೇಪ ಇನ್ನೂ ಮೊನಚಾದುದು. ರಸ್ತೆಯಲ್ಲಿ ಕಾಣುವ ಹಳೆಯ ಕಾರುಗಳು ಉಳಿದು ಬಂದವು. ಸತ್ತವು ಗುಜರಿಯಲ್ಲಿವೆ, ಅವನ್ನು ಎಣಿಸುವವರಿಲ್ಲ. ಅಜ್ಜನ ಕಾಲದ ತಾಮ್ರದ ಹಂಡೆ ನೋಡಿ ಆಗ ಮಾಡಿದ ಪಾತ್ರೆಯೆಲ್ಲ ಗಟ್ಟಿ ಎನ್ನುವುದು ಎಷ್ಟು ಸರಿಯೋ ಇದೂ ಅಷ್ಟೇ ಸರಿ. ಈ ಆಕ್ಷೇಪವನ್ನು ಒಪ್ಪಬೇಕು. ‘ಹಳೇ ಎಂಜಿನ್ ಕೆಡುವುದೇ ಇಲ್ಲ’ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಆದರೆ ನನ್ನ ವಾದ ಅದಲ್ಲ. ಉಳಿದವು ಉಳಿದದ್ದು ಹೇಗೆ ಎಂದು ಕೇಳಿದರೆ ಉತ್ತರ ಒಂದೇ: ಕೆಟ್ಟಾಗ ಮಾಡಿಸಿದ್ದರಿಂದ. ಎಂಜಿನ್ ಇಳಿಸಿ, ಬೋರ್ ಮಾಡಿಸಿ, ರಿಂಗ್ ಪಿಸ್ಟನ್ ಹಾಕಿಸಿ ಮತ್ತೆ ಏರಿಸುವ ಖರ್ಚು ಆ ಕಾರಿನ ಬೆಲೆಯ ಮುಂದೆಯೂ ಹೆಚ್ಚೆನಿಸುತ್ತಿರಲಿಲ್ಲ. ಇಡೀ ಜೋಡಣೆಯನ್ನೇ ಬದಲಿಸಬೇಕಾದ ಕಾರಿನಲ್ಲಿ ಮಾಲೀಕ ಆ ಹಂತಕ್ಕೆ ಬಂದಾಗ ಮಾರಿಬಿಡುತ್ತಾನೆ. ಒಂದು ಕೆಟ್ಟರೂ ಬದುಕಿತು, ಇನ್ನೊಂದು ಕೆಟ್ಟಾಗ ಹೋಯಿತು, ವ್ಯತ್ಯಾಸವಿರುವುದು ಅಲ್ಲಿ.

ಈಗ ಹಣದ ಲೆಕ್ಕ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿಯೋಣ. ಹಳೆಯ ಕಾರು 16 ಕಿ.ಮೀ., ಹೊಸದು ರಸ್ತೆಯಲ್ಲಿ 22 ಕಿ.ಮೀ. ಕೊಡಲಿ. ಸಂತೆ, ಆಸ್ಪತ್ರೆ, ಮದುವೆ ಮುಂಜಿಗೆಂದು ವರ್ಷಕ್ಕೆ 3,000 ಕಿ.ಮೀ. ಓಡುವ ಮನೆಗೆ ಹಳೆಯದಕ್ಕೆ ಸುಮಾರು 188 ಲೀಟರ್, ಹೊಸದಕ್ಕೆ 136 ಲೀಟರ್ ಬೇಕು. ವ್ಯತ್ಯಾಸ ಸುಮಾರು 5,000 ರೂಪಾಯಿ. ಹೊಸ ಕಾರಿನ ಒಂದು ತಿಂಗಳ ಸಾಲದ ಕಂತೂ ಬಹುಶಃ ಇದಕ್ಕಿಂತ ಹೆಚ್ಚು. ಆ ಮನೆಗೆ ಮೈಲೇಜಿಗಾಗಿ ಕಾರು ಬದಲಿಸುವುದು ಶುದ್ಧ ನಷ್ಟ. ಅದೇ, ಪ್ರವಾಸಿಗರನ್ನು ದಾಂಡೇಲಿಯಿಂದ ಊರೂರಿಗೆ ಒಯ್ಯುತ್ತ ವರ್ಷಕ್ಕೆ 30,000 ಕಿ.ಮೀ. ಓಡಿಸುವವನಿಗೆ ವ್ಯತ್ಯಾಸ 50,000 ರೂಪಾಯಿ ದಾಟುತ್ತದೆ. ಅವನು ಹಳೆಯ ಎಂಜಿನ್ನಿನ ಗಟ್ಟಿತನವನ್ನು ಹೊಗಳುತ್ತ ಕೂತರೆ ಪ್ರತಿ ವರ್ಷ ಅಷ್ಟು ದುಡ್ಡನ್ನು ಸೈಲೆನ್ಸರಿನಿಂದ ಹೊರಗೆ ಬಿಟ್ಟಂತೆ.

ದುಡ್ಡಿಗೆ ಸೇರದ ಎರಡು ಬಾಬುಗಳಿವೆ. ಅವುಗಳಲ್ಲಿ ಹಳೆಯ ಕಾರಿನ ಪರ ವಾದಿಸಲು ಏನೂ ಉಳಿಯುವುದಿಲ್ಲ. ಒಂದು ಹೊಗೆ. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಅನ್ವಯವಾದ ಬಿಎಸ್6 ನಿಯಮದ ಕಾರಿನೆದುರು, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬೊರೇಟರ್ ಕಾರು ಕಿಲೋಮೀಟರಿಗೆ ಬಿಡುವ ವಿಷಾನಿಲ ಹಲವು ಪಟ್ಟು ಹೆಚ್ಚು. ಇನ್ನೊಂದು ಜೀವ. ಮೈಲೇಜು ಕೊಟ್ಟ ಆ ಹಗುರ ಮೈಯಲ್ಲಿ ಢಿಕ್ಕಿಯ ಪೆಟ್ಟನ್ನು ತಡೆಯುವ ಕಸುವಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 800ಕ್ಕಿಂತ ಬಹಳ ಹೊಸದಾದ ಆಲ್ಟೊ 800 ಕೂಡ ಸೊನ್ನೆ ನಕ್ಷತ್ರ ಪಡೆಯಿತು. ಓಮ್ನಿಯಲ್ಲಂತೂ ಚಾಲಕನ ಮೊಣಕಾಲಿನ ಮುಂದೆ ತಗಡು ಬಿಟ್ಟರೆ ಹೆಚ್ಚೇನಿಲ್ಲ. ಊರೊಳಗಿನ ನಿಧಾನದ ಓಟಕ್ಕೆ ಈ ಅಪಾಯ ಸಣ್ಣದು, ಹೆದ್ದಾರಿಗೆ ದೊಡ್ಡದು. ಎಂಜಿನ್ ಓಡುತ್ತದೆ ಎಂಬ ಒಂದೇ ಕಾರಣಕ್ಕೆ ಹಳೆಯ 800ರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೊರಡುವುದು ಮಿತವ್ಯಯವಲ್ಲ. ಕಾನೂನೂ ಈ ಲೆಕ್ಕದೊಳಗೆ ಬಂದಿದೆ: 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು.

ಹಳೆಯದನ್ನು ಇಟ್ಟುಕೊಳ್ಳುವವರು ಗಮನಿಸಬೇಕಾದ ಹೊಸ ಸಂಗತಿ ಪೆಟ್ರೋಲಿನೊಳಗೇ ಇದೆ. ಹಳಿಯಾಳದ ಕಬ್ಬು ಈಗ ಸಕ್ಕರೆಯಷ್ಟೇ ಆಗುತ್ತಿಲ್ಲ, ಎಥನಾಲ್ ಆಗಿ ಕಾರಿನ ಟ್ಯಾಂಕಿಗೂ ಬರುತ್ತಿದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಭಾಗದಷ್ಟು ಶಕ್ತಿ ಕಡಿಮೆ. ಶೇ 20ರ ಮಿಶ್ರಣದಿಂದ ಹಳೆಯ ವಿನ್ಯಾಸದ ಕಾರುಗಳ ಮೈಲೇಜು ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಥನಾಲ್ ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗಾಗಿಸುತ್ತದೆ, ತೇವವನ್ನೂ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿಗೆ ಇದು ಒಳ್ಳೆಯದಲ್ಲ. ಪೆಟ್ರೋಲ್ ಪೈಪುಗಳನ್ನು ಹೊಸದಾಗಿ ಹಾಕಿಸುವುದು, ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದು, ಅವಧಿಗೆ ಸರಿಯಾಗಿ ಆಯಿಲ್, ಕೂಲೆಂಟ್, ಟೈಮಿಂಗ್ ಬೆಲ್ಟ್ ಬದಲಿಸುವುದು, ಶಾಖದ ಮುಳ್ಳಿನ ಮೇಲೆ ಕಣ್ಣಿಡುವುದು, ಇಷ್ಟು ಮಾಡಿದರೆ ಎಫ್8ಬಿ ತನ್ನ ಮಾತು ಉಳಿಸಿಕೊಳ್ಳುತ್ತದೆ. ಸರಾಗವಾಗಿ ಓಡುತ್ತಿರುವ ಹಳೆಯ ಸಣ್ಣ ಕಾರು ಮನೆಯಲ್ಲಿದ್ದು, ಓಡಾಟ ತಾಲ್ಲೂಕು ದಾಟದಿದ್ದರೆ, ಹೊಗೆ ತಪಾಸಣೆಯಲ್ಲಿ ಅದು ಪಾಸಾಗುತ್ತಿರುವವರೆಗೆ ಇಟ್ಟುಕೊಳ್ಳಿ. ದಿನವೂ ಹೆದ್ದಾರಿ ಹತ್ತುವವರು ಅದನ್ನು ಒಬ್ಬ ಒಳ್ಳೆಯ ಮಿಸ್ತ್ರಿಯಿರುವ ಊರಿನವರಿಗೆ ಮಾರಿ, ಹೊಸದನ್ನು ಕೊಳ್ಳುವುದು ಮೇಲು.