ಕಾಡಂಚಿನ ಜ್ವರ, ಪೇಟೆಯ ಮೌನ

ಅಡಿಕೆ ಕೊಯ್ಲು ಬಿರುಸಾಗುವ ಹೊತ್ತಿಗೆ ಮಲೆನಾಡಿನ ಹಳ್ಳಿಗಳಲ್ಲಿ ಇನ್ನೊಂದು ಆತಂಕವೂ ತಲೆಯೆತ್ತುತ್ತದೆ. ಎಲ್ಲಿ ಮಂಗ ಸತ್ತಿದೆ, ಯಾರಿಗೆ ಜ್ವರ ಬಂದಿದೆ ಎಂಬುದೇ ಅಲ್ಲಿನ ಮಾತು. ಶಿವಮೊಗ್ಗ, ಭದ್ರಾವತಿಗಳ ನಮ್ಮಂಥವರಿಗೆ ಅದು ಪತ್ರಿಕೆಯ ಒಳಪುಟದ ಸಣ್ಣ ಸುದ್ದಿ. ಈ ಅಂತರವೂ ಕಾಯಿಲೆಯ ಒಂದು ಭಾಗವೆಂದೇ ನನ್ನ ಭಾವನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು; ಸುತ್ತಲಿನ ಜನ ಜ್ವರದಿಂದ ನರಳಿದರು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಶಂಕೆಯಿಂದ ಬಂದ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಸಿಕ್ಕಿದ್ದು ಬೇರೆಯೇ ವೈರಾಣು. ರಷ್ಯಾ, ಯುರೋಪುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿನ ದಾಯಾದಿ ಅದು.

‘ಮಂಗನ ಕಾಯಿಲೆ’ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಮಂಗ ಇಲ್ಲಿ ಅಪರಾಧಿಯಲ್ಲ, ನಮ್ಮಂತೆಯೇ ಬಲಿಪಶು. ವೈರಾಣು ನೆಲೆಸಿರುವುದು ಉಣುಗಿನಲ್ಲಿ ಮತ್ತು ಕಾಡಿನ ಇಲಿ, ಸುಂಡಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ ಹೊಸ ಆಸರೆ ಹುಡುಕುತ್ತವೆ. ಕಣ್ಣಿಗೆ ಸುಲಭವಾಗಿ ಬೀಳದ ಮರಿ ಉಣುಗುಗಳು ಡಿಸೆಂಬರಿನಿಂದ ಮೇವರೆಗೆ ತರಗೆಲೆಗಳ ನಡುವೆ ಹೇರಳ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವವರು, ಕೊಟ್ಟಿಗೆಗೆ ತರಗೆಲೆ ಗುಡಿಸುವವರು, ಸೌದೆಗೆ ಹೋದವರು, ದನ ಮೇಯಿಸುವವರು ಕಡಿತಕ್ಕೆ ಸಿಗುತ್ತಾರೆ. ಬಲಿತ ಉಣುಗು ದನಕರುಗಳ ರಕ್ತ ಹೀರಿ ಸಂತಾನ ಬೆಳೆಸುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಮಾತ್ರ ಇದು ಹರಡುವುದಿಲ್ಲ.

ಹಠಾತ್ ಜ್ವರ, ಸಹಿಸಲಾಗದ ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ವಾಸಿಯಾಯಿತೆಂದು ನಿಟ್ಟುಸಿರು ಬಿಟ್ಟ ಕೆಲವರಲ್ಲಿ ಜ್ವರ ಮರುಕಳಿಸಿ ನರಮಂಡಲವನ್ನೇ ಬಾಧಿಸುತ್ತದೆ. ರೋಗ ತಗಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಇರುವುದು ಆರೈಕೆ ಮಾತ್ರ.

ಸೊರಬದಲ್ಲಿ ಕಾಣಿಸಿಕೊಂಡದ್ದು ಅಲ್ಲಿಗೇ ನಿಲ್ಲಲಿಲ್ಲ. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ವೈರಾಣು ಪತ್ತೆಯಾಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರು ಪ್ರಾಣ ತೆತ್ತರು. ಕಾಡು ಕಡಿದು, ನಡುನಡುವೆ ತೋಟ, ಗದ್ದೆ, ಮೇವಿನ ಜಾಗ ಮಾಡಿದಷ್ಟೂ ಜನ, ಜಾನುವಾರು, ಉಣುಗು ಹತ್ತಿರವಾಗುತ್ತವೆ ಎಂಬ ಎಚ್ಚರಿಕೆಯ ಮಾತು 1960ರ ದಶಕದಿಂದಲೂ ಇದೆ.

ಇಲ್ಲಿ ಪೇಟೆಯ ಪಾಲೂ ಇದೆ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದಾಗ ಅದಕ್ಕೆ ಇದ್ದಿಲು ಒದಗಿಸಿದ್ದು ಇದೇ ಕಾಡುಗಳು. ಮುಂದೆ ಅಲ್ಲಿನ ಕಾಗದ ಕಾರ್ಖಾನೆಗೂ ಮಲೆನಾಡಿನ ನೆಲವೇ ಮರ ಬೆಳೆದು ಕೊಟ್ಟಿತು. ಕುಲುಮೆಯೇ ಕಾಯಿಲೆ ತಂದಿತೆಂದು ನಾನು ಹೇಳುತ್ತಿಲ್ಲ. ಆದರೆ ಕಾಡಿನ ಫಲ ಉಂಡವರು ಒಂದೆಡೆ, ಅದರ ಬೆಲೆ ತೆರುವವರು ಇನ್ನೊಂದೆಡೆ ಎಂಬುದು ಸುಳ್ಳಲ್ಲ.

ಆಸ್ಟ್ರಿಯಾ ದೇಶವನ್ನು ನೋಡಿ. ಕಾಡಿಗೆ ವಿಹಾರಕ್ಕೆ ಹೋಗುವ ಪೇಟೆಯವರಿಗೂ ಅಲ್ಲಿ ಉಣುಗಿನ ಮಿದುಳು ಜ್ವರ ತಗಲುತ್ತದೆ. 1981ರಿಂದ ನಡೆದ ಸಾರ್ವಜನಿಕ ಲಸಿಕೆ ಅಭಿಯಾನದಿಂದ ಆ ದೇಶ ರೋಗವನ್ನು ಬಹುಮಟ್ಟಿಗೆ ತಗ್ಗಿಸಿತು. ನಮ್ಮಲ್ಲಿದ್ದ ಹಳೆಯ ಲಸಿಕೆಯ ಶಕ್ತಿ ಕುಂದಿ 2022ರಲ್ಲಿ ಅದರ ಬಳಕೆಯೇ ನಿಂತಿತು. ಹೊಸದರ ಕೆಲಸಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಹಾಕಿದೆ. ಬಲಿಯಾಗುವವರು ಸೌದೆ ಹೊರುವವರಲ್ಲದೆ ಪೇಟೆಯ ಜನವಾಗಿದ್ದರೆ ಇಷ್ಟು ತಡವಾಗುತ್ತಿತ್ತೇ?

ಲಸಿಕೆ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಮಂಗ ಸತ್ತುಬಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು ಉಣುಗು ನಿರೋಧಕ ತೈಲ ಸವರಿಕೊಳ್ಳಬೇಕು, ಮರಳಿದೊಡನೆ ಬಿಸಿನೀರಿನಲ್ಲಿ ಮೀಯಬೇಕು. ರೋಗಿ ಕೊನೆಗೆ ಬರುವುದು ಪೇಟೆಯ ಆಸ್ಪತ್ರೆಗೇ. ಜ್ವರವೆಂದು ಬಂದವರನ್ನು ‘ಇತ್ತೀಚೆಗೆ ಕಾಡಿಗೆ ಹೋಗಿದ್ದಿರಾ?’ ಎಂದು ನಮ್ಮ ವೈದ್ಯರು ತಪ್ಪದೆ ಕೇಳಲಿ. ರಕ್ತಪರೀಕ್ಷೆಯ ಪ್ರಯೋಗಾಲಯ ಶಿವಮೊಗ್ಗದಲ್ಲೇ ಇದೆ. ಡೆಂಗಿಯೆಂದೋ ಟೈಫಾಯ್ಡ್ ಎಂದೋ ದಿನಗಳು ಕಳೆದುಹೋದರೆ, ಆ ನಷ್ಟ ತುಂಬಿಕೊಡಲು ಯಾರಿಗೂ ಸಾಧ್ಯವಿಲ್ಲ.